ಹಳೆಯ ನಕ್ಷೆ ಹೇಳುವ ಕಣಿವೆಯ ಕಥೆ

ಇತಿಹಾಸದ ಆಧಾರಗಳು ಯಾವುವು ಎಂದು ಕೇಳಿದರೆ ನೀವು ಥಟ್ಟನೆ ಶಾಸನ, ನಾಣ್ಯ, ತಾಳೆಗರಿ, ಪ್ರವಾಸಿಗರ ಬರಹ ಎಂದು ಉತ್ತರಿಸುತ್ತೀರಿ. ಈ ಪಟ್ಟಿಯಲ್ಲಿ ನಕ್ಷೆಯ ಹೆಸರು ಬರುವುದು ಅಪರೂಪ. ನಕ್ಷೆಯೆಂದರೆ ಭೂಗೋಳದ ತರಗತಿಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿದೆ. ಆದರೆ ನೂರು ವರ್ಷ ಹಳೆಯದಾದ ನಕ್ಷೆಯೊಂದು ತಾನೇ ಒಂದು ಚಾರಿತ್ರಿಕ ದಾಖಲೆಯಾಗಿಬಿಡುತ್ತದೆ. ಒಂದೇ ಪ್ರದೇಶದ ಹಳೆಯ ಮತ್ತು ಹೊಸ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬತ್ತಿದ ಕೆರೆ, ಕಿತ್ತುಹಾಕಿದ ರೈಲುಹಳಿ, ಅಳಿದ ಊರು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ತೆರೆಯ ಮೇಲೆ ನಕ್ಷೆ ಕೆಲವು ಕ್ಷಣ ಮಾತ್ರ ಕಾಣಿಸಿಕೊಂಡು ಮಾಯವಾಗುತ್ತದೆ. ಪುಟದ ಮೇಲಾದರೆ ಅದನ್ನು ಓದುವ ಬಗೆಯನ್ನು ನಿಧಾನವಾಗಿ ಕಲಿಯಬಹುದು. ಉದಾಹರಣೆಗೆ ಅಮೆರಿಕದ ಪಶ್ಚಿಮ ಭಾಗದ ಒಂದು ಗ್ರಾಮೀಣ ಕೌಂಟಿಯನ್ನು ತೆಗೆದುಕೊಳ್ಳೋಣ.

ಇನ್ಯೋ ಕೌಂಟಿ

ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ. ಕ್ಯಾಲಿಫೋರ್ನಿಯಾ ರಾಜ್ಯದ ಪೂರ್ವದ ಅಂಚಿನಲ್ಲಿರುವ ಇನ್ಯೋ ಕೌಂಟಿ 1866ರಲ್ಲಿ ರಚನೆಯಾಯಿತು. ಇಂಡಿಪೆಂಡೆನ್ಸ್ ಎಂಬ ಪುಟ್ಟ ಊರು ಅದರ ಆಡಳಿತ ಕೇಂದ್ರ. ವಿಸ್ತೀರ್ಣ ಸುಮಾರು 26,500 ಚದರ ಕಿಲೋಮೀಟರ್. ಆದರೆ 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 19,000 ಮಾತ್ರ! ಅಲಾಸ್ಕ ಮತ್ತು ಹವಾಯಿಗಳನ್ನು ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರವಾದ ಮೌಂಟ್ ವಿಟ್ನಿ (4,421 ಮೀಟರ್) ಈ ಕೌಂಟಿಯ ಗಡಿಯಲ್ಲಿದೆ. ಉತ್ತರ ಅಮೆರಿಕದ ಅತಿ ತಗ್ಗಿನ ನೆಲವೂ (ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ) ಇದೇ ಕೌಂಟಿಯ ಡೆತ್ ವ್ಯಾಲಿಯಲ್ಲಿದೆ. ಪಶ್ಚಿಮಕ್ಕೆ ಹಿಮ ಹೊದ್ದ ಸಿಯೆರಾ ನೆವಾಡ ಪರ್ವತಸಾಲು, ಪೂರ್ವಕ್ಕೆ ಒಣ ಬೆಟ್ಟಗಳು. ಇವೆರಡರ ನಡುವೆ ಉದ್ದಕ್ಕೆ ಚಾಚಿರುವುದೇ ಓವೆನ್ಸ್ ಕಣಿವೆ. ನಮ್ಮ ಕಥೆ ನಡೆಯುವುದು ಇಲ್ಲಿ.

ನಕ್ಷೆ ಹುಟ್ಟಿದ ಬಗೆ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1879ರಲ್ಲಿ ಸ್ಥಾಪನೆಯಾಯಿತು. ಅದರ ಎರಡನೆಯ ನಿರ್ದೇಶಕ ಜಾನ್ ವೆಸ್ಲಿ ಪಾವೆಲ್ ಅವರ ಕಾಲದಲ್ಲಿ, 1884ರಿಂದ, ಇಡೀ ದೇಶದ ಭೂಲಕ್ಷಣ ನಕ್ಷೆಗಳನ್ನು ಕ್ರಮಬದ್ಧವಾಗಿ ತಯಾರಿಸುವ ಕೆಲಸ ಆರಂಭವಾಯಿತು. ಆಗ ವಿಮಾನವಿರಲಿಲ್ಲ, ಉಪಗ್ರಹವಂತೂ ಇಲ್ಲವೇ ಇಲ್ಲ. ಮೋಜಣಿದಾರರು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿ, ಮೂರು ಕಾಲಿನ ಮೇಲೆ ನಿಲ್ಲಿಸಿದ ಹಲಗೆಗೆ ಕಾಗದ ಬಿಗಿದು, ದೂರದರ್ಶಕದ ಮೂಲಕ ಗುರಿ ಹಿಡಿದು ಸ್ಥಳದಲ್ಲೇ ನಕ್ಷೆ ಬರೆಯುತ್ತಿದ್ದರು.

ಈ ನಕ್ಷೆಗಳಲ್ಲಿ ಬಣ್ಣಕ್ಕೂ ಅರ್ಥವಿದೆ. ಕಂದು ಬಣ್ಣದ ಗೆರೆಗಳು ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ರೇಖೆಗಳು. ಅವು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ಸಮತಟ್ಟಾದ ನೆಲ. ನೀಲಿ ನೀರನ್ನು ಸೂಚಿಸುತ್ತದೆ. ಮನೆ, ರಸ್ತೆ, ರೈಲು, ಗಡಿ, ಊರ ಹೆಸರು ಮುಂತಾಗಿ ಮನುಷ್ಯ ಮಾಡಿದ್ದೆಲ್ಲ ಹಳೆಯ ಹಾಳೆಗಳಲ್ಲಿ ಕಪ್ಪು. ಚಿಕ್ಕ ಕಪ್ಪು ಚೌಕ ಒಂದು ಕಟ್ಟಡ. ಅದರ ಮೇಲೆ ಬಾವುಟವಿದ್ದರೆ ಶಾಲೆ, ಶಿಲುಬೆಯಿದ್ದರೆ ಚರ್ಚು.

ಇನ್ನು ಪ್ರಮಾಣದ ಮಾತು. ಮೊದಲ ಹಾಳೆಗಳಲ್ಲಿ ಬಹಳಷ್ಟು 1:125,000 ಪ್ರಮಾಣದವು. ಅಂದರೆ ನಕ್ಷೆಯ ಒಂದು ಅಂಗುಲ ನೆಲದ ಮೇಲೆ ಸುಮಾರು ಎರಡು ಮೈಲಿ. ಅನಂತರ 1:62,500 ಪ್ರಮಾಣದ ಹಾಳೆಗಳು ಬಂದವು. ಇಲ್ಲಿ ಒಂದು ಅಂಗುಲ ಸುಮಾರು ಒಂದು ಮೈಲಿ. ಎರಡನೆಯ ಮಹಾಯುದ್ಧದ ನಂತರ ವೈಮಾನಿಕ ಛಾಯಾಚಿತ್ರಗಳ ನೆರವಿನಿಂದ 1:24,000 ಪ್ರಮಾಣದ ನಕ್ಷೆಗಳು ದೇಶವನ್ನೆಲ್ಲ ಆವರಿಸಿದವು. ಇಲ್ಲಿ ಒಂದು ಅಂಗುಲ ಕೇವಲ 2,000 ಅಡಿ. ಹಳೆಯ ನಕ್ಷೆಯಲ್ಲಿ ಒಂದು ಮನೆ ಕಾಣದಿದ್ದರೆ ಆ ಮನೆಯೇ ಇರಲಿಲ್ಲವೆಂದು ಅವಸರದ ತೀರ್ಮಾನಕ್ಕೆ ಬರಬಾರದು. ಆ ಪ್ರಮಾಣದಲ್ಲಿ ಅದನ್ನು ತೋರಿಸಲು ಜಾಗವಿಲ್ಲದೆ ಇದ್ದಿರಬಹುದು.

ಮೊದಲ ಓದು: ನೀರು

ಇಪ್ಪತ್ತನೆಯ ಶತಮಾನದ ಆರಂಭದ ನಕ್ಷೆಗಳಲ್ಲಿ ಓವೆನ್ಸ್ ಕಣಿವೆಯ ದಕ್ಷಿಣ ತುದಿಗೆ ದೊಡ್ಡದೊಂದು ನೀಲಿ ಹರವು ಕಾಣುತ್ತದೆ. ಇದು ಓವೆನ್ಸ್ ಸರೋವರ. ಒಂದು ಕಾಲಕ್ಕೆ ಸುಮಾರು 280 ಚದರ ಕಿಲೋಮೀಟರ್ ವಿಸ್ತಾರವಾಗಿತ್ತು. ಅದೇ ಸ್ಥಳವನ್ನು ಶತಮಾನದ ನಡುವಿನ ನಕ್ಷೆಗಳಲ್ಲಿ ನೋಡಿ. ತುಂಬಿದ ನೀಲಿಯ ಬದಲಿಗೆ ಒಣಗಿದ ಸರೋವರದ ಚಿಹ್ನೆ ಬಂದಿದೆ. ನೀರು ಎಲ್ಲಿ ಹೋಯಿತು?

ಉತ್ತರವೂ ನಕ್ಷೆಯಲ್ಲೇ ಇದೆ. ಕಣಿವೆಯ ಪಶ್ಚಿಮ ಪಕ್ಕದಲ್ಲಿ, ಸಮೋನ್ನತಿ ರೇಖೆಗಳಿಗೆ ಹೆಚ್ಚುಕಡಿಮೆ ಸಮಾಂತರವಾಗಿ ದಕ್ಷಿಣಕ್ಕೆ ಸಾಗುವ ಒಂದು ಹೊಸ ಗೆರೆ ಕಾಣಿಸುತ್ತದೆ. ಸಹಜವಾದ ಹಳ್ಳ ಸಮೋನ್ನತಿ ರೇಖೆಗಳನ್ನು ಅಡ್ಡ ಕತ್ತರಿಸಿ ಇಳಿಯುತ್ತದೆ. ಮನುಷ್ಯ ತೋಡಿದ ನಾಲೆ ಅವುಗಳ ಜೊತೆಜೊತೆಗೆ ನಡೆಯುತ್ತದೆ. ಈ ಗೆರೆ ಲಾಸ್ ಏಂಜಲೀಸ್ ನಾಲೆ. ಆ ನಗರದ ಜನಸಂಖ್ಯೆ 1900ರಲ್ಲಿ ಸುಮಾರು ಒಂದು ಲಕ್ಷವಿದ್ದದ್ದು 1910ರ ಹೊತ್ತಿಗೆ ಮೂರು ಲಕ್ಷ ದಾಟಿತ್ತು. ದಾಹ ತೀರಿಸಲು ನಗರವು ಈ ದೂರದ ಕಣಿವೆಯ ಜಮೀನನ್ನೂ ನೀರಿನ ಹಕ್ಕನ್ನೂ ಕೊಂಡುಕೊಂಡಿತು. ವಿಲಿಯಂ ಮುಲ್ಹಾಲಂಡ್ ಎಂಬ ಎಂಜಿನಿಯರ್ ನೇತೃತ್ವದಲ್ಲಿ ಕಟ್ಟಿದ, ಸುಮಾರು 375 ಕಿಲೋಮೀಟರ್ ಉದ್ದದ ನಾಲೆ 1913ರ ನವೆಂಬರ್ 5ರಂದು ಉದ್ಘಾಟನೆಯಾಯಿತು. ಪಂಪುಗಳ ನೆರವಿಲ್ಲದೆ, ಬರಿಯ ಇಳಿಜಾರಿನ ಬಲದಿಂದಲೇ ನೀರು ನಗರ ಸೇರಿತು.

1920ರ ದಶಕದ ನಡುಭಾಗಕ್ಕೆ ಸರೋವರ ಬಹುಮಟ್ಟಿಗೆ ಒಣಗಿಹೋಯಿತು. ಕಣಿವೆಯ ರೈತರು ಸುಮ್ಮನಿರಲಿಲ್ಲ. 1924ರ ನವೆಂಬರಿನಲ್ಲಿ ಅವರು ನಾಲೆಯ ತೂಬುಗಳನ್ನು ವಶಪಡಿಸಿಕೊಂಡು ನೀರನ್ನು ಮತ್ತೆ ನದಿಗೆ ತಿರುಗಿಸಿದರು. ನಾಲೆಗೆ ಸಿಡಿಮದ್ದು ಇಟ್ಟದ್ದೂ ಉಂಟು. ಆದರೂ ನೀರು ನಗರದ ಪಾಲಾಯಿತು. ಬತ್ತಿದ ಸರೋವರದ ತಳದಿಂದ ಏಳುವ ಉಪ್ಪು ಬೆರೆತ ಸೂಕ್ಷ್ಮ ಧೂಳು ಅಮೆರಿಕದ ಅತಿ ದೊಡ್ಡ ಧೂಳಿನ ಮೂಲವೆನಿಸಿ, ಜನರ ಉಸಿರಾಟಕ್ಕೇ ಸಂಚಕಾರ ತಂದಿತು. 2001ರಿಂದ ಲಾಸ್ ಏಂಜಲೀಸ್ ನಗರವೇ ಸರೋವರದ ತಳದ ಭಾಗಗಳಿಗೆ ತೆಳುವಾಗಿ ನೀರು ಹರಿಸಿ ಧೂಳನ್ನು ಅಡಗಿಸಬೇಕಾಯಿತು. ಈ ಕೆಲಸಕ್ಕೆ ಆದ ಖರ್ಚು 200 ಕೋಟಿ ಡಾಲರುಗಳಿಗೂ ಹೆಚ್ಚು. ಆದ್ದರಿಂದ ಇಂದಿನ ಚಿತ್ರದಲ್ಲಿ ಕಾಣುವುದು ಹಿಂದಿನ ಸರೋವರವಲ್ಲ, ಅಳತೆ ಹಾಕಿ ಮಡಿ ಮಾಡಿದ ನೀರಿನ ತುಂಡುಗಳು.

ಎರಡನೆಯ ಓದು: ರೈಲು ಮತ್ತು ಗಣಿ

ಈಗ ಕಣಿವೆಯ ಪೂರ್ವದ ಪಕ್ಕಕ್ಕೆ ಬನ್ನಿ. ಹಳೆಯ ನಕ್ಷೆಗಳಲ್ಲಿ ಅಡ್ಡಗೀಟುಗಳುಳ್ಳ ರೈಲಿನ ಗೆರೆಯೊಂದು ಕೀಲರ್ ಎಂಬ ಊರಿನವರೆಗೆ ಹೋಗುತ್ತದೆ. ಇದು ಕಾರ್ಸನ್ ಮತ್ತು ಕೊಲೊರಾಡೊ ರೈಲುಮಾರ್ಗ, ಮೂರು ಅಡಿ ಅಗಲದ ಕಿರುಹಳಿ. 1883ರಲ್ಲಿ ಸರೋವರದ ದಂಡೆಯನ್ನು ಮುಟ್ಟಿತು. ಇಂಡಿಪೆಂಡೆನ್ಸ್, ಲೋನ್ ಪೈನ್ ಮೊದಲಾದ ಊರುಗಳು ಕಣಿವೆಯ ಪಶ್ಚಿಮದಲ್ಲಿ ತೊರೆಗಳ ಬಾಯಲ್ಲಿವೆ. ರೈಲು ಮಾತ್ರ ಅವುಗಳಿಂದ ದೂರ, ನದಿಯ ಆಚೆಗೆ ಹಾದುಹೋಗಿದೆ. ಏಕೆ? ಅದರ ಮುಖ್ಯ ಗುರಿ ಪೂರ್ವದ ಬೆಟ್ಟಗಳ ಗಣಿಗಳಾಗಿದ್ದವು. ಅಲ್ಲಿನ ಸೆರೊ ಗೋರ್ಡೊ ಎಂಬಲ್ಲಿ 1860ರ ದಶಕದಲ್ಲಿ ಬೆಳ್ಳಿ ಮತ್ತು ಸೀಸದ ಅದಿರು ಸಿಕ್ಕಿತ್ತು. ಅದರ ಗಟ್ಟಿಗಳನ್ನು ಸಾಗಿಸಲು 1872ರಲ್ಲಿ ಬೆಸ್ಸಿ ಬ್ರಾಡಿ ಎಂಬ ಉಗಿದೋಣಿ ಓವೆನ್ಸ್ ಸರೋವರಕ್ಕೆ ಇಳಿದಿತ್ತು. ಇಂದು ಹನಿ ನೀರಿಗೂ ಲೆಕ್ಕವಿಡುವ ಜಾಗದಲ್ಲಿ ಆಗ ಹಡಗು ಓಡಾಡುತ್ತಿತ್ತು ಎಂದರೆ ನಂಬುವುದು ಕಷ್ಟ! ಕಿರುಹಳಿಯ ಕೊನೆಯ ಭಾಗ 1960ರಲ್ಲಿ ನಿಂತುಹೋಯಿತು. ಹಳೆಯ ನಕ್ಷೆಯನ್ನು ಹಿಡಿದು ಹೋದರೆ ಹಳಿಯ ಏರಿಯ ಗುರುತನ್ನು ಈಗಲೂ ನೆಲದ ಮೇಲೆ ಹುಡುಕಬಹುದು.

ಮೂರನೆಯ ಓದು: ಎರಡು ಬಾರಿ ಬರಿದಾದ ಊರು

ಇಂಡಿಪೆಂಡೆನ್ಸ್ ಮತ್ತು ಲೋನ್ ಪೈನ್‌ಗಳ ನಡುವೆ ಮಾನ್ಜನಾರ್ ಎಂಬ ಸ್ಥಳವಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಸೇಬಿನ ತೋಟ ಎಂದರ್ಥ. ಈ ಭಾಗವನ್ನು ಒಳಗೊಂಡ ಮೌಂಟ್ ವಿಟ್ನಿ ಹಾಳೆ 1907ರಲ್ಲಿ ಅಚ್ಚಾಯಿತು. ಹಣ್ಣಿನ ತೋಟಗಳ ಊರು ತಲೆಯೆತ್ತಿದ್ದು 1910ರಲ್ಲಿ. ಹಾಗಾಗಿ ಮೊದಲ ಹಾಳೆಯಲ್ಲಿ ಆ ಊರನ್ನು ಹುಡುಕಿ ಫಲವಿಲ್ಲ. 1920ರ ದಶಕದಲ್ಲಿ ಲಾಸ್ ಏಂಜಲೀಸ್ ನಗರ ನೀರಿಗಾಗಿ ಆ ತೋಟಗಳನ್ನೂ ಕೊಂಡಿತು. ದಶಕ ಮುಗಿಯುವಷ್ಟರಲ್ಲಿ ಊರು ಬರಿದಾಯಿತು.

1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಬಳಿಕ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಒಟ್ಟು ಸುಮಾರು 1,20,000 ಮಂದಿ. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಇಂತಹ ಹತ್ತು ಶಿಬಿರಗಳಲ್ಲಿ ಒಂದು ಮಾನ್ಜನಾರ್. 1942ರಿಂದ 1945ರವರೆಗೆ ಈ ಬಯಲಿನಲ್ಲಿ, ಮುಳ್ಳುತಂತಿಯ ಹಿಂದೆ, ಹತ್ತು ಸಾವಿರಕ್ಕೂ ಹೆಚ್ಚು ಜನ ಮರದ ಶೆಡ್ಡುಗಳಲ್ಲಿ ಬಾಳಿದರು. ಅಂದು ಅದು ಇಡೀ ಕಣಿವೆಯಲ್ಲೇ ಅತಿ ದೊಡ್ಡ ಜನವಸತಿ. ಹಳೆಯ ಊರಿನವರು ಬಿಟ್ಟುಹೋಗಿದ್ದ ಸೇಬು, ಪೇರು ಮರಗಳಿಗೆ ಶಿಬಿರದವರು ಮತ್ತೆ ನೀರುಣಿಸಿ ಹಣ್ಣು ತೆಗೆದರು. ಯುದ್ಧ ಮುಗಿದ ಮೇಲೆ ಶೆಡ್ಡುಗಳನ್ನು ಕಿತ್ತರು. ಊರು ಎರಡನೆಯ ಬಾರಿ ಬರಿದಾಯಿತು. 1988ರಲ್ಲಿ ಅಮೆರಿಕ ಸರ್ಕಾರ ಕಾನೂನಿನ ಮೂಲಕ ಕ್ಷಮೆ ಯಾಚಿಸಿತು. 1992ರಲ್ಲಿ ಈ ಸ್ಥಳ ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. ಇಲ್ಲಿಂದ ಕಲಿಯಬೇಕಾದ ಪಾಠವೊಂದಿದೆ. ಶಿಬಿರಕ್ಕೆ ಮುಂಚಿನ ಒಂದು ಹಾಳೆ, ಶಿಬಿರ ಮುಚ್ಚಿದ ನಂತರದ ಒಂದು ಹಾಳೆ ಇಷ್ಟನ್ನೇ ನೋಡಿದವನಿಗೆ ಆ ಹತ್ತು ಸಾವಿರ ಜನ ಕಾಣುವುದೇ ಇಲ್ಲ. ಎರಡು ನಕ್ಷೆಗಳ ನಡುವಿನ ಕಾಲದಲ್ಲೂ ಇತಿಹಾಸ ನಡೆದಿರುತ್ತದೆ.

ಹೆಸರು ಮತ್ತು ಮೌನ

ನಕ್ಷೆಯ ಹೆಸರುಗಳೂ ಮಾತನಾಡುತ್ತವೆ. ಲೋನ್ ಪೈನ್ ಪಕ್ಕದ ಗುಡ್ಡಗಳಿಗೆ ಅಲಬಾಮ ಹಿಲ್ಸ್ ಎಂದು ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪರವಾಗಿದ್ದ ಗಣಿಗಾರರು ತಮ್ಮ ಕಡೆಯ ಯುದ್ಧನೌಕೆ ‘ಅಲಬಾಮ’ದ ಹೆಸರನ್ನು ಅವಕ್ಕೆ ಇಟ್ಟರು. 1864ರಲ್ಲಿ ಉತ್ತರದವರ ‘ಕೀರ್ಸಾರ್ಜ್’ ನೌಕೆ ಅಲಬಾಮವನ್ನು ಮುಳುಗಿಸಿತು. ಉತ್ತರದ ಪಕ್ಷದವರು ಸುಮ್ಮನಿದ್ದಾರೆಯೇ? ಹತ್ತಿರದ ಶಿಖರಕ್ಕೂ ಕಣಿವೆದಾರಿಗೂ ಕೀರ್ಸಾರ್ಜ್ ಎಂದು ಹೆಸರಿಟ್ಟರು. ಸಮುದ್ರದ ಕಾಳಗವೊಂದು ಹೀಗೆ ಮರುಭೂಮಿಯ ನಕ್ಷೆಯಲ್ಲಿ ಉಳಿದುಕೊಂಡಿತು.

ಆದರೆ ನಕ್ಷೆ ಹೇಳದೆ ಬಿಟ್ಟದ್ದು ಇನ್ನೂ ಮುಖ್ಯ. ಬಿಳಿಯರು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಪಾಯೂಟ್ ಜನರು ನೆಲೆಸಿದ್ದರು. ತೊರೆಗಳ ನೀರನ್ನು ಕಾಲುವೆಗಳ ಮೂಲಕ ಹಾಯಿಸಿ ತಿನ್ನುವ ಗೆಡ್ಡೆ, ಬೀಜಗಳ ಸಸ್ಯಗಳನ್ನು ಬೆಳೆಸಿಕೊಳ್ಳುತ್ತಿದ್ದರು. 1862ರಲ್ಲಿ ಸೈನ್ಯ ಇಲ್ಲಿ ಠಾಣೆ ಹೂಡಿತು. ಇಂಡಿಪೆಂಡೆನ್ಸ್ ಊರಿಗೆ ಹೆಸರು ಬಂದದ್ದು ಆ ಠಾಣೆಯಿಂದಲೇ. 1863ರಲ್ಲಿ ಸುಮಾರು ಒಂಬೈನೂರು ಪಾಯೂಟ್ ಜನರನ್ನು ದೂರದ ಫೋರ್ಟ್ ಟೆಹೋನ್‌ವರೆಗೆ ಬಲವಂತವಾಗಿ ನಡೆಸಿಕೊಂಡು ಹೋಗಲಾಯಿತು. ನಕ್ಷೆ ಬರೆಯುವವರು ಬಂದದ್ದು ಇದೆಲ್ಲ ನಡೆದ ಮೇಲೆ. ಅವರು ಕಂಡದ್ದನ್ನು ಬರೆದರು. ಓಡಿಸಲ್ಪಟ್ಟವರು ಅವರಿಗೆ ಹೇಗೆ ಕಂಡಾರು? ಊರಿನವರ ನೆನಪು, ಕೋರ್ಟಿನ ಕಾಗದ, ಪತ್ರಿಕೆಗಳ ವರದಿ ಇವುಗಳ ಜೊತೆಗಿಟ್ಟು ಓದಿದಾಗ ಮಾತ್ರ ನಕ್ಷೆಯ ಈ ಮೌನ ಒಡೆಯುತ್ತದೆ.

ಓದುವಾಗ ಎಚ್ಚರ

ಒಂದು, ನಕ್ಷೆಯ ಅಂಚಿನಲ್ಲಿರುವ ವರ್ಷಗಳನ್ನು ಮೊದಲು ಓದಿ. ಮೋಜಣಿಯಾದ ವರ್ಷ, ಪ್ರಕಟವಾದ ವರ್ಷ, ಮರುಮುದ್ರಣದ ವರ್ಷ ಬೇರೆಬೇರೆ. ಹಳೆಯ ಹಾಳೆಯನ್ನೇ ಬದಲಾವಣೆಯಿಲ್ಲದೆ ಹಲವು ಬಾರಿ ಅಚ್ಚು ಹಾಕಿದ್ದುಂಟು. ಎರಡು, ನೇರಳೆ ಬಣ್ಣ ಕಂಡರೆ ಅದು ವೈಮಾನಿಕ ಚಿತ್ರ ನೋಡಿ ಆಮೇಲೆ ಸೇರಿಸಿದ ತಿದ್ದುಪಡಿ ಎಂದು ತಿಳಿಯಿರಿ. ಮೂರು, ಅಂಕಿ ಬದಲಾದ ಮಾತ್ರಕ್ಕೆ ನೆಲ ಬದಲಾಯಿತೆಂದು ಭಾವಿಸಬೇಡಿ. ಮೌಂಟ್ ವಿಟ್ನಿಯ ಎತ್ತರ ದಶಕಗಳ ಕಾಲ 14,494 ಅಡಿಯೆಂದಿತ್ತು. ಈಗ 14,505 ಅಡಿ. ಬೆಟ್ಟವೇನೂ ಬೆಳೆಯಲಿಲ್ಲ, ಎತ್ತರವನ್ನು ಲೆಕ್ಕ ಹಾಕುವ ಆಧಾರಮಟ್ಟವನ್ನು ಪರಿಷ್ಕರಿಸಿದರು, ಅಷ್ಟೆ.

ಅಮೆರಿಕದ ಈ ಹಳೆಯ ಹಾಳೆಗಳನ್ನು 2011ರಿಂದ ಆ ಸಂಸ್ಥೆಯೇ ಗಣಕದ ಮೂಲಕ ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ನಮ್ಮಲ್ಲಿಯೂ ಈ ವಿದ್ಯೆಗೆ ದೀರ್ಘ ಪರಂಪರೆಯಿದೆ. ಭಾರತೀಯ ಸರ್ವೇಕ್ಷಣ ಇಲಾಖೆ ಹುಟ್ಟಿದ್ದು 1767ರಲ್ಲಿ. ವಿಲಿಯಂ ಲ್ಯಾಂಬ್ಟನ್ ತನ್ನ ಮೊದಲ ಆಧಾರರೇಖೆಯನ್ನು 1800ರಲ್ಲಿ ಅಳೆದದ್ದು ಬೆಂಗಳೂರಿನ ಬಳಿಯಲ್ಲೇ. ನಿಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿ ನಿಮ್ಮ ತಾಲ್ಲೂಕಿನ ಹಳೆಯ ಹಾಳೆಯೊಂದಿದ್ದರೆ ಅಧ್ಯಾಪಕರನ್ನು ಕೇಳಿ ಹರಡಿಕೊಳ್ಳಿ. ಅದರಲ್ಲಿರುವ ಕೆರೆಗಳನ್ನು ಒಂದೊಂದಾಗಿ ಎಣಿಸಿ, ಇಂದು ಎಷ್ಟು ಉಳಿದಿವೆಯೆಂದು ಹೋಗಿ ನೋಡಿ. ಇಲ್ಲವಾದ ಪ್ರತಿಯೊಂದು ಕೆರೆಯ ಬಗ್ಗೆಯೂ ಊರಿನ ಹಿರಿಯರನ್ನು ಎರಡೇ ಪ್ರಶ್ನೆ ಕೇಳಿ: ನೀರು ಎಲ್ಲಿಗೆ ಹೋಯಿತು? ಆ ನೀರನ್ನು ನಂಬಿದ್ದವರು ಎಲ್ಲಿಗೆ ಹೋದರು?