ಅವನಿದ್ದಾನಲ್ಲ, ನೋಡ್ಕೋತಾನೆ

2020ರ ಜನವರಿ 10ರ ಸಂಜೆಯಿಂದ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು ತಮ್ಮದೇ ಖಾತೆಯಿಂದ 35 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತ್ತು. ಬ್ಯಾಂಕಿರುವ ನೆಟ್ಟಕಲ್ಲಪ್ಪ ವೃತ್ತದಲ್ಲಿ ಆತಂಕದಿಂದ ಸೇರಿದವರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಪಿ.ಎಫ್., ಗ್ರಾಚ್ಯುಟಿ ಎಂದು ಕೈಗೆ ಬಂದಿದ್ದನ್ನೆಲ್ಲ ಒಂದೇ ಕಡೆ ಇಟ್ಟವರು.

ಬ್ಯಾಂಕಿನಲ್ಲಿ ನಡೆದ ಹಗರಣದ ಲೆಕ್ಕ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಆದರೆ ಒಬ್ಬ ನಿವೃತ್ತರ ಠೇವಣಿಯ ಹಿಂದೆ ಎಷ್ಟು ಜನ ನಿಂತಿರುತ್ತಾರೆ ಎಂಬ ಮಾತು ಅಷ್ಟಾಗಿ ಬರಲಿಲ್ಲ. ಹಳೇ ಬೆಂಗಳೂರಿನ ಮನೆಗಳಲ್ಲಿ ತಿಂಗಳ ಬಡ್ಡಿ ಬರೀ ಔಷಧಿಗೆ ಖರ್ಚಾಗುವುದಿಲ್ಲ. ಗಂಡನನ್ನು ಕಳೆದುಕೊಂಡ ತಂಗಿಯ ಬಾಡಿಗೆ, ಕೆಲಸ ಬಿಟ್ಟು ಕೂತ ಮಗನ ಕಂತು, ಮೊಮ್ಮಗಳ ಕಾಲೇಜು ಫೀಸು, ಎಲ್ಲವೂ ಅದರಲ್ಲೇ ನಡೆಯಬೇಕು. ಇಂಥ ಠೇವಣಿ ಸಿಕ್ಕಿಬಿದ್ದಾಗ ದುಡ್ಡಿನ ಚಿಂತೆಗಿಂತ ಹೆಚ್ಚು ಕಾಡುವುದು, ನೆಚ್ಚಿಕೊಂಡವರಿಗೆ ಏನು ಹೇಳುವುದು ಎಂಬ ಅವಮಾನ. ತಮ್ಮ ತಪ್ಪೇ ಇಲ್ಲದಿದ್ದರೂ ಹಿರಿಯರು ತಪ್ಪಿತಸ್ಥರಂತೆ ಕುಗ್ಗಿಹೋಗುತ್ತಾರೆ.

ಅದೇ ವರ್ಷ ಫೆಬ್ರವರಿ 4ರಿಂದ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನ ಠೇವಣಿದಾರರಿಗೆ ಆ ಹಣವನ್ನು 90 ದಿನದೊಳಗೆ ಕೊಡಬೇಕೆಂಬ ಕಾಯ್ದೆ ಜಾರಿಗೆ ಬಂದದ್ದು 2021ರ ಸೆಪ್ಟೆಂಬರ್ 1ಕ್ಕೆ. ನಡುವೆ ಲಾಕ್‌ಡೌನ್ ಬೇರೆ. ಈ 5 ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರುತ್ತವೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಒಬ್ಬರೇ ತಮ್ಮ ಹೆಸರಲ್ಲಿ ಇಟ್ಟರೂ ಮಿತಿ ಅಷ್ಟೇ.

ನೆಚ್ಚಿಕೊಂಡವರನ್ನು ಸಾಕುವ ಹೊರೆ ಹಿರಿಯರದಷ್ಟೇ ಅಲ್ಲ. ಮನೆಯಲ್ಲಿ ಮೊದಲು ಸಂಬಳ ತಂದ ಮಗನಿಗೋ ಮಗಳಿಗೋ ಈ ಕೆಲಸ ಯಾರೂ ಕೇಳದೆಯೇ ಬಂದುಬಿಡುತ್ತದೆ. ‘ಅವನಿದ್ದಾನಲ್ಲ, ನೋಡ್ಕೋತಾನೆ’, ‘ನಿಂಗೇನಮ್ಮ, ಸಾಫ್ಟ್‌ವೇರಲ್ಲಿದೀಯ’ ಎನ್ನುವವರಿಗೆ ಅವನ ಸಾಲ, ಅವಳ ಕೆಲಸದ ಭಯ ಕಾಣಿಸುವುದಿಲ್ಲ. ಇಲ್ಲ ಎಂದರೆ ಸ್ವಾರ್ಥಿ ಅನ್ನಿಸಿಕೊಳ್ಳಬೇಕು. ಕೊಟ್ಟರೆ ಮುಂದಿನ ತಿಂಗಳು ಇನ್ನೊಬ್ಬರ ಫೋನು. ಫೋನ್ ರಿಂಗಾದರೆ ಎದೆ ಧಸಕ್ಕೆನ್ನುವಷ್ಟು ಒತ್ತಡದಲ್ಲಿ ಬದುಕುವವರು ನಮ್ಮ ನಡುವೆಯೇ ಇದ್ದಾರೆ.

ಕನ್ನಡ ಸಿನಿಮಾ ಇಂಥವರನ್ನು ಎರಡು ಬಗೆಯಲ್ಲಿ ತೋರಿಸಿದೆ. 1972ರ ‘ಬಂಗಾರದ ಮನುಷ್ಯ’ದ ರಾಜೀವ ಅಕ್ಕನ ಸಂಸಾರಕ್ಕೆ ಆಯಸ್ಸು ಸವೆಸಿ, ಕೊನೆಗೆ ಅವಮಾನವನ್ನು ನುಂಗಿಕೊಂಡು ಮನೆ ಬಿಟ್ಟು ಹೋಗುತ್ತಾನೆ. 1983ರ ‘ಬೆಂಕಿಯಲ್ಲಿ ಅರಳಿದ ಹೂವು’ ಚಿತ್ರದಲ್ಲಿ ಸುಹಾಸಿನಿ ಮಾಡಿದ ಪಾತ್ರದ ಹುಡುಗಿ, ಕುಡುಕ ಅಣ್ಣನ ಸಂಸಾರವೂ ಸೇರಿ ಇಡೀ ಮನೆಯನ್ನು ಸಾಕುತ್ತಾಳೆ. ಆದರೆ ಸಿಡುಕುತ್ತಾಳೆ, ಮುಖದ ಮೇಲೆ ಹೇಳುತ್ತಾಳೆ. ನಾವು ಪೂಜಿಸಿದ್ದು ರಾಜೀವನ ಮೌನವನ್ನು. ಮನೆ ಮನೆಯ ನಿಜಕ್ಕೆ ಹತ್ತಿರವಿರುವುದು ಆ ಹುಡುಗಿಯ ಸಿಟ್ಟು.

ಬಾಯಿ ಬಿಡದಿದ್ದರೆ ಎಷ್ಟು ನಷ್ಟ ಎಂಬುದು ಜಾಮೀನಿನ ವಿಷಯದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿನಿಂದ ಹಿಡಿದು ಬೀದಿ ಬೀದಿಯ ಸೊಸೈಟಿಗಳವರೆಗೆ ಸಹಕಾರಿ ಸಾಲದ ದೊಡ್ಡ ಪರಂಪರೆಯೇ ಇಲ್ಲಿದೆ. ಸೊಸೈಟಿ ಸಾಲ ಎಂದರೆ ಜಾಮೀನುದಾರರು ಬೇಕು. ‘ಸುಮ್ನೆ ಒಂದು ಸೈನು ಅಷ್ಟೇ ಕಣೋ’ ಎಂದು ಭಾವನೋ ಚಿಕ್ಕಪ್ಪನ ಮಗನೋ ಬಂದಾಗ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ.

ಅಪ್ಪ ಅಮ್ಮನ ಹೊಣೆಯ ಬಗ್ಗೆಯೂ ಕಾನೂನು ಒಬ್ಬರನ್ನೇ ಬೆಟ್ಟು ಮಾಡುವುದಿಲ್ಲ. ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆ ಮಗಳಿಗೂ ಇದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳು ಎಂದರೆ ವಯಸ್ಕ ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ. ಎಲ್ಲರ ಹೊಣೆ ಒಬ್ಬನ ಹೆಗಲಿಗೆ ಬೀಳುವುದು ಮನೆಯವರ ಅನುಕೂಲದಿಂದ, ಕಾನೂನಿನಿಂದಲ್ಲ.

ಆದ್ದರಿಂದ ಒಂದು ಭಾನುವಾರ ಅಣ್ಣ ತಮ್ಮ, ಅಕ್ಕ ತಂಗಿಯರೆಲ್ಲ ಕೂತು, ಯಾರು ಯಾರಿಗೆ ಎಷ್ಟು ಕೊಡುತ್ತಿದ್ದಾರೆ, ಯಾರ ಸಾಲಕ್ಕೆ ಯಾರ ಸೈನಿದೆ ಎಂದು ಹಾಳೆಯಲ್ಲಿ ಬರೆಯಲಿ. ಹೊತ್ತವನಿಗೆ ಬಾಯಿ ಬಾರದಿದ್ದರೆ ಪಡೆದವರೇ ಮೊದಲು ಕೇಳಲಿ. ಮನೆಯವರ ಮುಂದೆ ಹೇಳಿಕೊಳ್ಳಲಾಗದೆ ನಿದ್ದೆಗೆಟ್ಟವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.