ಇಂಧನ ದರ ಏರಿಕೆ ಮತ್ತು ಕುಟುಂಬದ ದಿನನಿತ್ಯದ ವೆಚ್ಚ

2025ನೇ ಸಾಲಿನ ಜನವರಿ 5ರಿಂದ ರಾಜ್ಯದ ಸಾರಿಗೆ ನಿಗಮಗಳ ಬಸ್ ಪ್ರಯಾಣ ದರವು ಶೇಕಡ 15ರಷ್ಟು ಹೆಚ್ಚಿತು. ಏಪ್ರಿಲ್ 1ರಿಂದ ಮಾರಾಟ ತೆರಿಗೆಯ ಏರಿಕೆಯಿಂದ ಡೀಸೆಲ್ ಲೀಟರಿಗೆ ಸುಮಾರು 2 ರೂಪಾಯಿ, ಅದೇ ದಿನದಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ಏಪ್ರಿಲ್ 8ರಿಂದ ಗೃಹಬಳಕೆಯ ಅನಿಲ ಸಿಲಿಂಡರ್ 50 ರೂಪಾಯಿ ದುಬಾರಿಯಾದವು. ಇಂತಹ ತಿಂಗಳುಗಳಲ್ಲಿ ಅನೇಕ ಮನೆಗಳಲ್ಲಿ ಮೊದಲು ಕಡಿತವಾಗುವುದು ಮಕ್ಕಳ ಹಾಲು ಮತ್ತು ಬೇಳೆಕಾಳು. ವಾಸ್ತವವಾಗಿ ಮೊದಲು ಕಡಿತಗೊಳಿಸಬೇಕಾದದ್ದು ಇಂಧನದ ಪೋಲು.

ಸಾಗಣೆ ವೆಚ್ಚದಿಂದ ಏರುವ ತರಕಾರಿ, ದಿನಸಿ ಬೆಲೆಗಳು ಗೃಹಿಣಿಯ ಹತೋಟಿಯಲ್ಲಿಲ್ಲ. ಒಲೆಯ ಉರಿ ಆಕೆಯ ಹತೋಟಿಯಲ್ಲಿದೆ. ನೀರು ಒಮ್ಮೆ ಕುದಿಯಲಾರಂಭಿಸಿದ ನಂತರ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆಯು ಸುಮಾರು 100 ಡಿಗ್ರಿಯನ್ನು ಮೀರುವುದಿಲ್ಲ. ಆವಿ ಮಾತ್ರ ಹೆಚ್ಚುತ್ತದೆ. ಆದುದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಪಾತ್ರೆಯನ್ನು ಮುಚ್ಚತಕ್ಕದ್ದು. ಪ್ರೆಶರ್ ಕುಕ್ಕರಿನಲ್ಲಿ ಉಷ್ಣತೆ ಸುಮಾರು 120 ಡಿಗ್ರಿಗೆ ಏರುವುದರಿಂದ ಬೇಳೆ ಬೇಗ ಬೇಯುತ್ತದೆ. ಹುರುಳಿ, ಕಡಲೆ ಮುಂತಾದ ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು ಸೂಕ್ತ. ಉರಿಯು ನೀಲಿಯ ಬದಲು ಹಳದಿಯಾಗಿದ್ದಲ್ಲಿ ಬರ್ನರನ್ನು ಶುಚಿಗೊಳಿಸಬೇಕು. ಹೊಸ ಸಿಲಿಂಡರ್ ಜೋಡಿಸಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ಮನೆಯವರಿಗೆ ಉಳಿತಾಯವೆಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ.

ತೂಕದಲ್ಲಿ ಕೊರತೆಯಿದ್ದಲ್ಲಿ ಈ ಎಲ್ಲ ಉಳಿತಾಯವೂ ವ್ಯರ್ಥ. ಗೃಹಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ನಮೂದಿಸಲಾಗಿರುತ್ತದೆ. ಅದು 15.3 ಕೆ.ಜಿ. ಇದ್ದಲ್ಲಿ ತುಂಬಿದ ಸಿಲಿಂಡರ್ 29.5 ಕೆ.ಜಿ. ತೂಗಬೇಕು. ಮನೆಬಾಗಿಲಿನಲ್ಲಿ ತೂಕ ಮಾಡಿ ತೋರಿಸುವಂತೆ ಕೇಳುವುದು ಗ್ರಾಹಕರ ಹಕ್ಕು; ಸಂಕೋಚದಿಂದ ಕೇಳದಿರುವವರೇ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿಯೂ ಅನುಮಾನ ಬಂದಲ್ಲಿ 5 ಲೀಟರ್ ಅಳತೆ ಪಾತ್ರೆಯಿಂದ ಪರೀಕ್ಷಿಸಿ ತೋರಿಸುವಂತೆ ಕೋರಬಹುದು. ಕೊರತೆ ಕಂಡುಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದಾಗಿದೆ.

ದ್ವಿಚಕ್ರ ವಾಹನ ಹೊಂದಿರುವವರು ಚಕ್ರದ ಗಾಳಿಯ ಒತ್ತಡವನ್ನು ನಿಯತವಾಗಿ ಪರೀಕ್ಷಿಸಿ, ಸಣ್ಣಪುಟ್ಟ ಕೆಲಸಗಳನ್ನು ಒಂದೇ ಓಡಾಟದಲ್ಲಿ ಮುಗಿಸುವುದು ಲೇಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯವಿದೆ.

ಅನಿಲ ಕೊಳವೆ ಹಾಗೂ ರೆಗ್ಯುಲೇಟರ್ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. ಅವಧಿ ಮುಗಿದ ಕೊಳವೆಯನ್ನು ಕೂಡಲೇ ಬದಲಾಯಿಸತಕ್ಕದ್ದು. ಅನಿಲ ಸೋರಿಕೆಯ ವಾಸನೆ ಬಂದಲ್ಲಿ ವಿದ್ಯುತ್ ಸ್ವಿಚ್‌ಗಳನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಮನೆಯಿಂದ ಹೊರಬಂದು 1906ಕ್ಕೆ ಕರೆ ಮಾಡಬೇಕು.