ಬಯಲುಸೀಮೆಯ ತೋಳ: ನೆಲೆ, ಸ್ಥಿತಿಗತಿ ಹಾಗೂ ಕುರಿ-ಮೇಕೆ ಹಾನಿಗೆ ದಯಾತ್ಮಕ ಧನ

ತೋಳದ ದಾಳಿಯಿಂದ ಕುರಿ, ಮೇಕೆ ಕಳೆದುಕೊಂಡು ದಯಾತ್ಮಕ ಧನಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹುಲಿ, ಆನೆಗಳಂತೆ ತೋಳವು ದಟ್ಟವಾದ ಕಾಡನ್ನು ಬಯಸುವ ಪ್ರಾಣಿಯಲ್ಲ. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರ ಹಾಗೂ ನೆರೆಯ ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಕಾಣುವಂತಹ ಕುರುಚಲು ಗುಡ್ಡ, ಹುಲ್ಲುಗಾವಲು ಮತ್ತು ಬೀಳು ಭೂಮಿಗಳೇ ಅದರ ಸಹಜ ನೆಲೆ. ಅದೇ ನೆಲದಲ್ಲಿ ಕುರಿಗಳೂ ಮೇಯುತ್ತವೆ. ಕೃಷ್ಣಮೃಗ, ಮೊಲ ಮುಂತಾದ ಸಹಜ ಬೇಟೆ ವಿರಳವಾದಂತೆ ತೋಳವು ರೊಪ್ಪದ ಕಡೆಗೆ ತಿರುಗುತ್ತದೆ.

ಜಗತ್ತಿನಲ್ಲಿ ಬೂದು ತೋಳವು ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾ ಖಂಡಗಳಲ್ಲಿ ಹರಡಿದ್ದು, ಒಟ್ಟಾರೆಯಾಗಿ ಅಳಿವಿನ ಅಂಚಿನಲ್ಲಿಲ್ಲ. ಯುರೋಪಿನಲ್ಲಿ ಅದರ ಸಂಖ್ಯೆ ಹೆಚ್ಚುತ್ತಲೂ ಇದೆ. ಆದರೆ ನಮ್ಮ ಬಯಲುಸೀಮೆಯ ತೋಳ ಬೇರೆಯೇ ಆದ, ಬಹಳ ಪ್ರಾಚೀನ ವಂಶಕ್ಕೆ ಸೇರಿದ್ದು. ಇದನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2025ರಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿ, ಅಪಾಯಕ್ಕೀಡಾಗಬಲ್ಲ ಪ್ರಾಣಿಗಳ ವರ್ಗದಲ್ಲಿ ಸೇರಿಸಿದೆ. ಭಾರತ ಮತ್ತು ಪಾಕಿಸ್ತಾನ ಎರಡೂ ಸೇರಿ ಉಳಿದಿರುವ ತೋಳಗಳು ಸುಮಾರು 3,000 ಮಾತ್ರ. 2022ರ ಗಣತಿಯಂತೆ ದೇಶದಲ್ಲಿ ಹುಲಿಗಳ ಅಂದಾಜು ಸಂಖ್ಯೆ 3,682. ಅಂದರೆ ಹಳ್ಳಿಯವರು ಸಾಮಾನ್ಯವೆಂದು ತಿಳಿದಿರುವ ತೋಳವು ಹುಲಿಗಿಂತಲೂ ವಿರಳ.

ರಾಜ್ಯದಲ್ಲಿ ತೋಳಕ್ಕಾಗಿ ಮೀಸಲಾದ ಪ್ರದೇಶಗಳಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆ ವನ್ಯಜೀವಿಧಾಮವನ್ನು 1974ರಲ್ಲಿಯೇ ಘೋಷಿಸಲಾಗಿದೆ. ಇತ್ತೀಚೆಗೆ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ರೂಪುಗೊಂಡಿದೆ (ಹಾವೇರಿ ಜಿಲ್ಲೆಯಲ್ಲಿ ನವಿಲುಧಾಮವಿರುವ ಬಂಕಾಪುರ ಬೇರೆ). ಇದರ ವಿಸ್ತೀರ್ಣ ಸುಮಾರು 330 ಹೆಕ್ಟೇರ್, ಅಂದರೆ 3.3 ಚದರ ಕಿಲೋಮೀಟರ್. ತೋಳದ ಒಂದು ಹಿಂಡು ಅಲೆಯಲು ನೂರು ಚದರ ಕಿಲೋಮೀಟರಿಗೂ ಮೀರಿದ ಪ್ರದೇಶ ಬೇಕು. ಈ ಲೆಕ್ಕವನ್ನು ಗಮನಿಸಿದರೆ, ಧಾಮಗಳ ಗಡಿಯೊಳಗೆ ಮಾತ್ರ ತೋಳವನ್ನು ಉಳಿಸುವುದು ಸಾಧ್ಯವಿಲ್ಲವೆಂಬುದು ಸ್ಪಷ್ಟ.

ಧಾಮಗಳ ಹೊರಗಿನ ನೆಲವೇ ಕಿರಿದಾಗುತ್ತಿದೆ. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಕಾಯ್ದಿರಿಸಿದ್ದ ಅಮೃತ ಮಹಲ್ ಕಾವಲುಗಳು ಬಹುಪಾಲು ಸಾಗುವಳಿಗೆ ಹಾಗೂ ಇತರ ಉದ್ದೇಶಗಳಿಗೆ ಹೋಗಿವೆ. ದಾಖಲೆಗಳಲ್ಲಿ ಹುಲ್ಲುಗಾವಲನ್ನು ಪಾಳು ಭೂಮಿಯೆಂದು ಬರೆಯುವ ರೂಢಿಯೂ ಇದಕ್ಕೆ ಒಂದು ಕಾರಣವೆನ್ನಬಹುದು. ಬೀದಿನಾಯಿಗಳಿಂದ ತೋಳಗಳಿಗೆ ರೋಗ ಹರಡುತ್ತಿದ್ದು, ನಾಯಿಗಳೊಡನೆ ತಳಿ ಮಿಶ್ರಣವೂ ಆಗುತ್ತಿದೆ.

ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎಂಬ ಗಾದೆಯಿದೆ. ಆದರೆ ತೋಳವು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಉರುಲು ಹಾಕುವುದು, ವಿಷವಿಡುವುದು ಸಹ ಬೇಟೆಯೆನಿಸುತ್ತದೆ. ಇದಕ್ಕೆ 3ರಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಬಹುದಾಗಿದೆ. ಸತ್ತ ಕುರಿಗೆ ವಿಷ ಸವರಿದಲ್ಲಿ ಹಟ್ಟಿಯ ಕಾವಲು ನಾಯಿಯೇ ಮೊದಲು ಸಾಯುವ ಸಂಭವವಿರುತ್ತದೆ.

ಒಂದೆರಡು ಕುರಿಗಾಗಿ ಕಚೇರಿಗೆ ಅಲೆಯುವುದೇಕೆಂದು ಅನೇಕರು ಸುಮ್ಮನಾಗುತ್ತಾರೆ. ಕಡತಕ್ಕೆ ಬಾರದ ನಷ್ಟಕ್ಕೆ ಪರಿಹಾರ ನೀಡಲು ಅವಕಾಶವಿಲ್ಲ. ಆ ಸಿಟ್ಟು ಕೊನೆಗೆ ತೋಳದ ಮೇಲೆಯೇ ತಿರುಗುತ್ತದೆ. ಆದುದರಿಂದ ಹಾನಿಯಾದ ದಿನವೇ ಸಮೀಪದ ಅರಣ್ಯ ಕಚೇರಿಗೆ ಅಥವಾ 1926 ಸಹಾಯವಾಣಿಗೆ ತಿಳಿಸತಕ್ಕದ್ದು. ಮಹಜರು ಆಗುವವರೆಗೆ ಕಳೇಬರವನ್ನು ಸ್ಥಳದಿಂದ ಸರಿಸಬಾರದು. ಕಡಿತದ ಗುರುತು ಹಾಗೂ ಹೆಜ್ಜೆ ಗುರುತುಗಳಿಂದಲೇ ದಾಳಿ ಮಾಡಿದ್ದು ತೋಳವೋ ನಾಯಿಯೋ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಪಶುವೈದ್ಯಾಧಿಕಾರಿಗಳ ದೃಢೀಕರಣ, ಛಾಯಾಚಿತ್ರ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯೊಂದಿಗೆ ಅರ್ಜಿಯನ್ನು ವಲಯ ಅರಣ್ಯಾಧಿಕಾರಿಗಳಿಗೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳುವುದು.